ಗಂಡಸರ ಉರಿಮೂತ್ರ: ಗುಳಿಗೆಗೆ ಮುಂಚೆ ಕಾರಣ ಹುಡುಕಬೇಕು

ಮೂತ್ರನಾಳದ ಸೋಂಕು ಹೆಂಗಸರ ಕಾಯಿಲೆ ಎಂಬ ನಂಬಿಕೆ ಪೂರ್ತಿ ನಿರಾಧಾರವೇನಲ್ಲ. ಹೆಂಗಸರ ಮೂತ್ರನಾಳ ಸುಮಾರು 4 ಸೆಂ.ಮೀ. ಉದ್ದವಿದ್ದರೆ ಗಂಡಸರದು ಸುಮಾರು 20 ಸೆಂ.ಮೀ. ಇರುವುದರಿಂದ, ಕರುಳಿನಲ್ಲಿ ವಾಸಿಸುವ ಇ. ಕೋಲೈ ಬ್ಯಾಕ್ಟೀರಿಯಾ ಹೊರಗಿನಿಂದ ಅವರ ಮೂತ್ರಕೋಶದವರೆಗೆ ಏರುವುದು ಸುಲಭವಲ್ಲ. ಆದ್ದರಿಂದಲೇ ಗಂಡಸರಿಗೆ ಈ ಸೋಂಕು ತಗುಲಿದಾಗ ಅದಕ್ಕೆ ದಾರಿ ಮಾಡಿಕೊಟ್ಟದ್ದು ಯಾವುದು ಎಂದು ಕೇಳದೆ ಬಿಡಬಾರದು ಎನ್ನುತ್ತೇನೆ.

ಐವತ್ತು ದಾಟಿದವರಲ್ಲಿ ಬಹಳ ಸಲ ಕಾರಣ, ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದಿರುವ ಪ್ರಾಸ್ಟೇಟ್ ಗ್ರಂಥಿ. ಅದು ದೊಡ್ಡದಾಗಿ ಮೂತ್ರದ ದಾರಿಯನ್ನು ಒತ್ತಿದಾಗ ಮೂತ್ರಕೋಶ ಪೂರ್ತಿ ಬರಿದಾಗುವುದಿಲ್ಲ, ಒಳಗೆ ಉಳಿದ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ನಮ್ಮ ಕುಟುಂಬದ ಹಿರಿಯರೊಬ್ಬರು ಧಾರೆ ಸಣ್ಣಗಾದದ್ದನ್ನೂ, ರಾತ್ರಿ ಮತ್ತೆ ಮತ್ತೆ ಏಳಬೇಕಾದದ್ದನ್ನೂ ವಯಸ್ಸಿನ ಪಾಡೆಂದು ಬಹುಕಾಲ ಮುಚ್ಚಿಟ್ಟು, ಚಳಿಜ್ವರ ಬಂದ ಮೇಲಷ್ಟೇ ಬಾಯಿಬಿಟ್ಟರು. ಈ ಸಂಕೋಚ ನನ್ನನ್ನು ಇಂದಿಗೂ ನೋಯಿಸುತ್ತದೆ. ಕಲ್ಲು, ಮೂತ್ರನಾಳ ಕಿರಿದಾಗಿರುವುದು, ಮೂತ್ರ ಹೊರತೆಗೆಯಲು ಹಾಕಿದ ಕೊಳವೆ (ಕ್ಯಾಥೆಟರ್), ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇವೂ ಕಾರಣವಾಗಬಹುದು. ಹರೆಯದವರಲ್ಲಿ ಉರಿಯ ಜೊತೆಗೆ ಕೀವಿನಂಥ ಸ್ರಾವವಿದ್ದರೆ ಲೈಂಗಿಕ ಸಂಪರ್ಕದಿಂದ ಹರಡುವ ಗೊನೋರಿಯಾ ಅಥವಾ ಕ್ಲಮಿಡಿಯಾ ಇರಬಹುದಾದ್ದರಿಂದ ಅದರ ಪರೀಕ್ಷೆಯೇ ಬೇರೆ, ಸಂಗಾತಿಗೂ ಚಿಕಿತ್ಸೆ ಬೇಕಾಗುತ್ತದೆ.

ಉರಿ ತಾಳಲಾರದೆ ಮನೆಯಲ್ಲಿ ಉಳಿದಿದ್ದ ಆ್ಯಂಟಿಬಯೋಟಿಕ್ ನುಂಗುವವರು ಅನೇಕರು. ದಯವಿಟ್ಟು ಹಾಗೆ ಮಾಡಬೇಡಿ. ಮೊದಲ ಗುಳಿಗೆಗೆ ಮುಂಚೆಯೇ ಮೂತ್ರದಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಮಾದರಿ ಕೊಡಬೇಕು. ಆರಂಭದ ಮೂತ್ರವನ್ನು ಹೋಗಗೊಟ್ಟು ನಡುವಿನ ಧಾರೆಯನ್ನು ಸ್ವಚ್ಛವಾದ ಡಬ್ಬಿಯಲ್ಲಿ ಹಿಡಿಯಬೇಕು. ಯಾವ ಬ್ಯಾಕ್ಟೀರಿಯಾ, ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದು ತಿಳಿಯಲು ಸಾಮಾನ್ಯವಾಗಿ ಎರಡು ಮೂರು ದಿನ ಹಿಡಿಯುತ್ತದೆ. ಅಷ್ಟರಲ್ಲಿ ವೈದ್ಯರು ಅಂದಾಜಿನ ಮೇಲೆ ಔಷಧ ಆರಂಭಿಸಿ, ವರದಿ ಬಂದ ಮೇಲೆ ಅಗತ್ಯವಿದ್ದರೆ ಬದಲಿಸುತ್ತಾರೆ.

ಚಿಕಿತ್ಸೆಯ ಅವಧಿಯೂ ಎಲ್ಲರಿಗೂ ಒಂದೇ ಅಲ್ಲ. ಜ್ವರವಿಲ್ಲದ ಸೋಂಕಿಗೆ ಹಲವು ಸಲ 7 ದಿನಗಳ ಔಷಧ ಸಾಕಾಗುತ್ತದೆ, ಆದರೆ ಸೋಂಕು ಪ್ರಾಸ್ಟೇಟ್‌ಗೆ ಇಳಿದಿದ್ದರೆ ಕೆಲವು ವಾರಗಳೇ ಬೇಕು. ಮೂತ್ರಕೋಶದ ಸೋಂಕಿಗೆ ಒಳ್ಳೆಯದಾದ ನೈಟ್ರೋಫ್ಯೂರಂಟೋಯಿನ್ ಎಂಬ ಆ್ಯಂಟಿಬಯೋಟಿಕ್ ಈ ಗ್ರಂಥಿಯೊಳಗೆ ಸರಿಯಾಗಿ ಸೇರುವುದಿಲ್ಲವಾದ್ದರಿಂದ, ಮನೆಯ ಹೆಂಗಸರಿಗೆ ಗುಣ ಕೊಟ್ಟ ಗುಳಿಗೆ ಗಂಡಸರಿಗೂ ಗುಣ ಕೊಡುತ್ತದೆಂದು ಭಾವಿಸಬಾರದು. ಚಳಿಜ್ವರ, ಬೆನ್ನಿನ ಪಕ್ಕದಲ್ಲಿ ನೋವು, ವಾಂತಿ, ಮೂತ್ರ ಕಟ್ಟಿಕೊಳ್ಳುವುದು ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು. ವಯಸ್ಸಾದವರಲ್ಲಿ ಉರಿಗಿಂತ ಮೊದಲು ದಿಢೀರ್ ಗೊಂದಲ ಕಾಣಿಸಿಕೊಳ್ಳುವುದೂ ಉಂಟು.

ಸೋಂಕು ವಾಸಿಯಾದ ಮೇಲೆ, ಮೂತ್ರ ಮಾಡಿದ ನಂತರ ಒಳಗೆ ಎಷ್ಟು ಉಳಿಯುತ್ತದೆಂದು ಅಲ್ಟ್ರಾಸೌಂಡ್‌ನಲ್ಲಿ ನೋಡಬೇಕೇ ಎಂದು ವೈದ್ಯರನ್ನು ಕೇಳಿ. ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವಿಗಾಗಿ ಆ ಗ್ರಂಥಿಯ ಒಂದು ಪ್ರೋಟೀನನ್ನು ಅಳೆಯುವ ಪಿಎಸ್‌ಎ ರಕ್ತಪರೀಕ್ಷೆಗೆ ಮಾತ್ರ ಆತುರ ಬೇಡ. ಸೋಂಕಿನಿಂದಲೇ ಅದರ ಪ್ರಮಾಣ ಏರುವುದರಿಂದ, ಕೆಲವು ವಾರ ಕಾಯದೆ ಮಾಡಿಸಿದರೆ ಕ್ಯಾನ್ಸರಿನ ಭಯ ಸುಮ್ಮನೆ ಮನೆಹೊಕ್ಕುತ್ತದೆ.