ಪೂರ್ ಫಾರ್ಮಿನಲ್ಲಿ ಒಂದು ರಾತ್ರಿ

ನಾವು ಹೊರಟಿದ್ದು ಮಲ್ಟ್‌ನೋಮಾ ಜಲಪಾತಕ್ಕೆ. ಅಮೆರಿಕದ ಪೋರ್ಟ್‌ಲ್ಯಾಂಡಿನಿಂದ ಪೂರ್ವಕ್ಕೆ ಅರ್ಧ ಗಂಟೆ ಬಂದರೆ ಟ್ರೌಟ್‌ಡೇಲ್ ಅಂತ ಊರು. ಮಳೆ ಬಿಡಲೇ ಇಲ್ಲ, ರಾತ್ರಿ ಅಲ್ಲಿನ ಎಡ್ಜ್‌ಫೀಲ್ಡ್ ಹೋಟೆಲಿನಲ್ಲಿ ಉಳಿದೆವು. ರೂಮ್ ಹಿಡಿದದ್ದು ತಂಗಿ. ಅದು ಮೊದಲು ಏನಾಗಿತ್ತು ಅಂತ ಬೇಕಂತಲೇ ಹೇಳಿರಲಿಲ್ಲ!

ರೂಮಿನಲ್ಲಿ ಟೀವಿ ಇಲ್ಲ, ಫೋನೂ ಇಲ್ಲ. ಸ್ನಾನಕ್ಕೆ ಟವೆಲ್ ಹೆಗಲಿಗೆ ಹಾಕಿಕೊಂಡು ಕಾರಿಡಾರಿನ ಆ ತುದಿಗೆ ಹೋಗಬೇಕು, ಥೇಟ್ ನಮ್ಮ ಹಾಸ್ಟೆಲ್. ಬಾಗಿಲ ಮೇಲೆ ಚಿತ್ರ, ಗೋಡೆ ಮೇಲೆ ಚಿತ್ರ, ನೀರಿನ ಪೈಪನ್ನೂ ಬಿಟ್ಟಿಲ್ಲ. ಒಂದು ಪೈಪಿನ ಸಂದಿಯಿಂದ ಯಾರೋ ಮುದುಕ ಇಣುಕುತ್ತಿದ್ದ, ಬಣ್ಣದಲ್ಲಿ. ಅವನನ್ನು ನೋಡಿದ ಮೇಲೇ ತಂಗಿ ಬಾಯಿ ಬಿಟ್ಟಿದ್ದು.

ಇದು 1911ರಲ್ಲಿ ಶುರುವಾದ ಕೌಂಟಿಯ ಪೂರ್ ಫಾರ್ಮ್, ಅಂದರೆ ಗತಿ ಇಲ್ಲದವರನ್ನು ಇಟ್ಟುಕೊಂಡು ಕೆಲಸ ಮಾಡಿಸುತ್ತಿದ್ದ ತೋಟದ ಆಶ್ರಮ. ಕೌಂಟಿ ಅಂದರೆ ಸುಮಾರಾಗಿ ನಮ್ಮ ಜಿಲ್ಲೆ ಇದ್ದ ಹಾಗೆ. ವಯಸ್ಸಾದವರಿಗೆ, ಕೆಲಸ ಹೋದವರಿಗೆ ಹಣ ಸಿಗುವ ಸೋಶಿಯಲ್ ಸೆಕ್ಯುರಿಟಿ ಕಾಯ್ದೆ ಬಂದದ್ದೇ 1935ರಲ್ಲಿ, ಅಲ್ಲಿವರೆಗೆ ದಿಕ್ಕಿಲ್ಲದವರನ್ನು ನೋಡಿಕೊಳ್ಳುವ ಹೊಣೆ ಕೌಂಟಿಯದ್ದು. ವಯಸ್ಸಾದವರು, ಕಾಯಿಲೆಯವರು, ಕೆಲಸ ಹೋದವರು ಎಲ್ಲ ಇಲ್ಲಿಗೇ. ಸುಮ್ನೆ ಕೂರಿಸಿ ಊಟ ಹಾಕುತ್ತಿರಲಿಲ್ಲ. ಕೈಲಾದವರು ತರಕಾರಿ ಬೆಳೆಯಬೇಕು, ಹಸು ಹಂದಿ ಸಾಕಬೇಕು, ಅಡುಗೆಮನೆಯಲ್ಲಿ, ಬಟ್ಟೆ ಒಗೆಯುವಲ್ಲಿ ದುಡಿಯಬೇಕು. 1930ರ ದಶಕದ ಕಷ್ಟಕಾಲದಲ್ಲಂತೂ ಇಲ್ಲಿದ್ದವರು 600 ದಾಟಿದ್ದರು. ಅವರನ್ನು ಕರೆಯುತ್ತಿದ್ದದ್ದು 'ಇನ್‌ಮೇಟ್' ಅಂತ. ಜೈಲಿನಲ್ಲಿರುವವರಿಗೂ ಅದೇ ಪದ, ಅಲ್ವಾ? ಊಟ ಕೊಟ್ಟರೂ ಹೆಸರಿನಲ್ಲಿ ಒಂದು ಪೆಟ್ಟು ಕೊಟ್ಟೇ ಕೊಟ್ಟರು ಅನ್ನಿಸಿತು.

ಆಮೇಲೆ ಇದು ನರ್ಸಿಂಗ್ ಹೋಮ್ ಆಯಿತು, 1982ರಲ್ಲಿ ಅದೂ ಮುಚ್ಚಿತು. ಖಾಲಿ ಕಟ್ಟಡ, ಒಡೆದ ಕಿಟಕಿ. ಕೆಡವಿಬಿಡೋಣ ಅಂತ ಕೌಂಟಿ ಹೊರಟಾಗ ಟ್ರೌಟ್‌ಡೇಲ್ ಇತಿಹಾಸ ಸಂಘದವರು ಪಟ್ಟು ಹಿಡಿದು ತಡೆದರು. 1990ರಲ್ಲಿ ಪಬ್ಬು ನಡೆಸುತ್ತಿದ್ದ ಮ್ಯಾಕ್‌ಮೆನಮಿನ್ ಅಣ್ಣತಮ್ಮಂದಿರು ಕೊಂಡರು. ಉಗಿ ತಯಾರಾಗುತ್ತಿದ್ದ ಪವರ್ ಸ್ಟೇಷನ್ ಈಗ ಪಬ್ಬು, ಜೊತೆಗೊಂದು ಸಿನಿಮಾ ಹಾಲ್. ರೋಗಿಗಳು ಮಲಗುತ್ತಿದ್ದ ಕಟ್ಟಡದ ನೆಲಮಾಳಿಗೆಯಲ್ಲಿ ವೈನು. ಕೆಡವುವುದಕ್ಕಿಂತ ಇದು ವಾಸಿ, ನಿಜ. ಆದರೂ ಆ ವೈನ್ ನನಗೆ ಸಲೀಸಾಗಿ ಇಳಿಯಲಿಲ್ಲ.

ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿ, ರಾತ್ರಿ ಗತಿ ಇಲ್ಲದವರ ಆಶ್ರಮದಲ್ಲಿ ಮಲಗಿದ್ದೆವು ಅಂದೆ. ಅಮ್ಮ ಕೇಳಿದ್ದು ಒಂದೇ: "ಊಟ ಸರಿಯಾಗಿ ಹಾಕಿದರಾ?"