ಚಿತ್ರ ಬರೆದರೆ ಏನು ಬರುತ್ತೆ?

"ಮಿಸ್, ಚಿತ್ರ ಬರೆದ್ರೆ ಏನು ಉಪಯೋಗ? ಆ ಟೈಮಲ್ಲಿ ನಾಲ್ಕು ಲೆಕ್ಕ ಮಾಡಬಹುದಲ್ವಾ?"

ಹಾಸನದ ನಮ್ಮ ಮನೆ ಹಜಾರದಲ್ಲಿ ಭಾನುವಾರ ಮಕ್ಕಳಿಗೆ ಚಿತ್ರ ಹೇಳಿಕೊಡುತ್ತೇನೆ. ಮಕ್ಕಳನ್ನು ಬಿಡಲು ಬರುವ ಅಪ್ಪ ಅಮ್ಮಂದಿರು ಬಾಗಿಲಲ್ಲೇ ಕೇಳುವ ಪ್ರಶ್ನೆ ಇದು. ಬಾಗಿಲಲ್ಲಿ ನಿಂತು ಹೇಳಿ ಮುಗಿಸುವ ಉತ್ತರ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೈಯ ವಿಷಯ. ಒಂದೂವರೆ, ಎರಡು ವರ್ಷದ ಮಗು ಕ್ರೆಯಾನನ್ನು ಮುಷ್ಟಿಯಲ್ಲಿ ಹಿಡಿದು, ಇಡೀ ತೋಳು ಬೀಸಿ ಗೀಚುತ್ತದೆ. ಸುಮಾರು 3 ವರ್ಷಕ್ಕೆ ಸೊನ್ನೆ ಸುತ್ತುತ್ತದೆ. 4ರ ಹೊತ್ತಿಗೆ ಕೂಡುವ ಗುರುತು, 5ರ ಆಸುಪಾಸಿನಲ್ಲಿ ಚೌಕ, ತ್ರಿಕೋನ. ಕೆಲವರಿಗೆ ಬೇಗ, ಕೆಲವರಿಗೆ ಸ್ವಲ್ಪ ತಡ. ಸೊನ್ನೆ ಸಣ್ಣ ಕೆಲಸ ಅಲ್ಲ. ಹೊರಟ ಜಾಗಕ್ಕೇ ವಾಪಸ್ ಬರಬೇಕು, ಬಂದು ಅಲ್ಲೇ ನಿಲ್ಲಬೇಕು. ಕಣ್ಣು ಹೇಳಿದ್ದನ್ನು ಕೈ ಕೇಳಬೇಕು. ನಮ್ಮ ಅಕ್ಷರಗಳೋ, ಎಲ್ಲ ದುಂಡು ದುಂಡು. ಸೊನ್ನೆ ಕೂಡಿಸಲು ಬಾರದ ಕೈಯಲ್ಲಿ ಠ, ರ ಬರೆಸಲು ಹೋದರೆ ಮಗು ಅಳುತ್ತದೆ, ನಾವು ರೇಗುತ್ತೇವೆ. ಕನ್ನಡದಲ್ಲಿ ಅಕ್ಷರಕ್ಕೂ 'ಬರೆ' ಅನ್ನುತ್ತೇವೆ, ಚಿತ್ರಕ್ಕೂ 'ಬರೆ' ಅನ್ನುತ್ತೇವೆ. ಕೈಗೂ ಅವು ಬೇರೆ ಬೇರೆ ಅಲ್ಲ.

ಆದರೆ ಕೈ ಪಳಗುವುದಕ್ಕಿಂತ ದೊಡ್ಡದು ಇನ್ನೊಂದಿದೆ.

ನಾಲ್ಕು ವರ್ಷದ ಹುಡುಗಿಯೊಬ್ಬಳು ಅಜ್ಜಿಯ ಚಿತ್ರ ಬರೆದಳು. ದೊಡ್ಡ ಸೊನ್ನೆ, ಒಳಗೆ ಕಣ್ಣು, ಬಾಯಿ, ಸೊನ್ನೆಯಿಂದಲೇ ಇಳಿದ ಎರಡು ಕಾಲು. ಕರೆದುಕೊಂಡು ಹೋಗಲು ಬಂದ ಅಮ್ಮ "ಹೊಟ್ಟೆ ಎಲ್ಲೇ?" ಅಂತ ರಬ್ಬರ್ ತೆಗೆದುಕೊಂಡರು. ನಾನು ತಡೆದೆ. ಈ ವಯಸ್ಸಲ್ಲಿ ಬಹಳಷ್ಟು ಮಕ್ಕಳು ಮನುಷ್ಯರನ್ನು ಹೀಗೇ ಬರೆಯುತ್ತಾರೆ, ಅದು ತಪ್ಪಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಒಂದು ಕೈ ಗಿಡ್ಡ, ಇನ್ನೊಂದು ಹಾಳೆಯ ಅಂಚಿನ ತನಕ ಉದ್ದ. "ಈ ಕೈ ಯಾಕೆ ಪುಟ್ಟಿ ಇಷ್ಟುದ್ದ?" ಅಂದೆ. "ಬೀರು ಮೇಲಿಂದ ಅಜ್ಜಿ ಚಕ್ಲಿ ಡಬ್ಬ ತೆಗೀತಾರಲ್ಲ, ಅದಕ್ಕೆ." ಆಮೇಲೆ ಡಬ್ಬದ ಬಣ್ಣ, ಊರು, ಅಲ್ಲಿನ ಕರು, ಎಲ್ಲ ಬಂತು. ಕ್ಲಾಸಿನಲ್ಲಿ ಬಾಯೇ ಬಿಡದ ಮಗು ಅದು. ಅಳಿಸಿದ್ದರೆ ಆ ಮಾತೆಲ್ಲ ಒಳಗೇ ಉಳಿಯುತ್ತಿತ್ತು.

ದೊಡ್ಡ ಮಕ್ಕಳನ್ನು ಒಂದು ಸಲ ಬೇಲೂರಿಗೆ ಕರೆದುಕೊಂಡು ಹೋಗಿದ್ದೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ಗುಡಿ, ಬಳಪದ ಕಲ್ಲಿನದು. ಬಳಪ ಅಂದರೆ ನಾವು ಸ್ಲೇಟಿನ ಮೇಲೆ ತಿದ್ದಿದ್ದೇ ಅಲ್ವಾ, ಮಕ್ಕಳಿಗೆ ಅದೇ ಆಶ್ಚರ್ಯ! ಐದನೇ ಕ್ಲಾಸಿನ ಒಬ್ಬ ಹುಡುಗ ಕೆಳಗಿನ ಸಾಲಿನ ಒಂದು ಆನೆಯ ಮುಂದೆ ಅರ್ಧ ಗಂಟೆ ಕೂತ. ಸೊಂಡಿಲನ್ನು ಮೂರು ಸಲ ತಾನೇ ಅಳಿಸಿದ, ತಾನೇ ಬರೆದ. ಯಾರೂ ಹೇಳಿರಲಿಲ್ಲ. ಕೊನೆಗೆ "ಮಿಸ್, ಪಕ್ಕದ ಆನೆ ಸೊಂಡಿಲು ಬೇರೆ ಥರ ಇದೆ" ಅಂದ. ಸ್ಕೂಲ್ ಟೂರಿನಲ್ಲಿ ಎರಡು ಸಲ ಅದೇ ಆನೆ ದಾಟಿ ಹೋಗಿದ್ದವನು.

ಮಾರ್ಕ್ಸ್ ಜಾಸ್ತಿ ಬರುತ್ತೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ. ಕೂತು ನೋಡುವುದು, ತನ್ನ ತಪ್ಪು ತಾನೇ ಹಿಡಿಯುವುದು, ಬೇಸರಿಸದೆ ಮತ್ತೆ ಬರೆಯುವುದು ಬರುತ್ತದೆ. ಲೆಕ್ಕಕ್ಕೂ ಅದೇ ತಾನೇ ಬೇಕಿರುವುದು?

ದುಬಾರಿ ಬಣ್ಣ ಬೇಡ. ಹಳೇ ಕ್ಯಾಲೆಂಡರಿನ ಹಿಂಬದಿ ಸಾಕು. ಗಣೇಶನ ಹಬ್ಬಕ್ಕೆ ಒಂದು ಹಿಡಿ ಜೇಡಿಮಣ್ಣು ಕೊಡಿ. ಕೈ ಹಿಡಿದು ಬರೆಸಬೇಡಿ. "ಇದೇನಿದು?" ಅನ್ನುವ ಬದಲು "ಇದರ ಕಥೆ ಹೇಳು" ಅನ್ನಿ. ಹೇಳಿ ಮುಗಿಸುವ ತನಕ ಪಕ್ಕದಲ್ಲೇ ಕೂತಿರಿ.