ಪರ್ಮಿಟ್ ಮೇಲಿನ ತಾರೀಖು

2025 ಏಪ್ರಿಲ್ 8, ಮಂಗಳವಾರ
ಕಿಚನರ್, ಒಂಟಾರಿಯೊ, ಕೆನಡಾ

ಬೆಳಿಗ್ಗೆ ಹತ್ತಕ್ಕೆ ರಾಣೆಬೆನ್ನೂರಿನ ಹುಡುಗ ಬಂದ. ಪಕ್ಕದ ಬೀದಿಯಲ್ಲಿ ಒಂದು ಬೇಸ್‌ಮೆಂಟಿನಲ್ಲಿ ಇನ್ನೂ ಮೂವರ ಜೊತೆ ಇರುತ್ತಾನೆ. ಇಲ್ಲೇ ಕಾಲೇಜು ಮುಗಿಸಿ ಈಗ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಕೈಯಲ್ಲಿ ಪ್ಲಾಸ್ಟಿಕ್ ಫೈಲು ಹಿಡಿದುಕೊಂಡು ಬಂದಿದ್ದ. "ಅಕ್ಕಾ, ನೀವು ಹೇಳಿದ್ರಲ್ಲ, ಎಲ್ಲಾ ತಂದೀನಿ. ಒಂದ್ಸಲ ನೋಡಿಬಿಡ್ರಿ" ಅಂದ.

ವರ್ಕ್ ಪರ್ಮಿಟ್ ಅಂದರೆ ಒಂದು ಕಾಗದ, ಅಷ್ಟೇ. ಅವನದು ನಾಲ್ಕು ಮಡಿಕೆಯಾಗಿ, ಮಡಿಕೆಯ ಗೆರೆ ಬೆಳ್ಳಗಾಗಿತ್ತು. ಬಿಡಿಸಿ ಮೇಜಿನ ಮೇಲೆ ಹರಡಿದೆ. "ಇದು ಯಾವಾಗ ಮುಗಿಯುತ್ತೆ?" ಅಂತ ಕೇಳಿದೆ. "ಮೂರು ವರ್ಷದ್ದು ಅಕ್ಕಾ. ಮುಂದಿನ ಜೂನ್‌ವರೆಗೂ ಐತಿ" ಅಂದ. ಕಾಗದದ ಮೇಲೆ 2025/11/02 ಅಂತ ಇತ್ತು. ಅವನ ಪಾಸ್‌ಪೋರ್ಟ್ ತೆಗೆದು ಪಕ್ಕದಲ್ಲಿ ಇಟ್ಟೆ. ಅದರ ಮೇಲೂ ಅದೇ ತಾರೀಖು, 02/11/2025.

ನನ್ನ ಹೊಟ್ಟೆಯಲ್ಲಿ ಏನೋ ತಿರುಚಿದ ಹಾಗಾಯಿತು. ಇದೇ ಕಥೆ ನನ್ನದೂ. ನನ್ನ ಪರ್ಮಿಟ್ ಮುಗಿದು ಇವತ್ತಿಗೆ 52 ದಿನ ಆಯಿತು.

ಇದನ್ನು ಇಲ್ಲಿ ಬರೆಯೋದೋ ಬೇಡವೋ ಅಂತ ತುಂಬಾ ದಿನ ಯೋಚನೆ ಮಾಡಿದೆ. ಸ್ಟೇಟಸ್, ಅಂದರೆ ಇಲ್ಲಿ ಇರೋದಕ್ಕೆ ಇದ್ದ ಅನುಮತಿ, ಹೋಯಿತು ಅಂತ ಗೊತ್ತಾದರೆ ನಮ್ಮ ಜನರೇ ಏನೋ ಕಳ್ಳತನ ಮಾಡಿದವರ ಹಾಗೆ ನೋಡುತ್ತಾರೆ. ಅದಕ್ಕೇ ಯಾರೂ ಬಾಯಿ ಬಿಡೋದಿಲ್ಲ. ಬಾಯಿ ಬಿಡದಿದ್ದರೆ ಇನ್ನೊಬ್ಬರಿಗೆ ಗೊತ್ತಾಗೋದು ಹೇಗೆ? ಆ ಹುಡುಗ ಹೋದ ಮೇಲೆ ಬರೆಯಲೇಬೇಕು ಅನ್ನಿಸಿತು.

ನಡೆದದ್ದು ಇಷ್ಟು. ಕಾಲೇಜು ಮುಗಿದ ಮೇಲೆ 2022ರ ಆಗಸ್ಟ್‌ನಲ್ಲಿ ನನಗೆ ಪರ್ಮಿಟ್ ಬಂತು. ಎರಡು ವರ್ಷದ ಕೋರ್ಸ್ ಮಾಡಿದವರಿಗೆ ಮೂರು ವರ್ಷದ ಪರ್ಮಿಟ್ ಕೊಡುತ್ತಾರೆ ಅನ್ನೋದು ಎಲ್ಲರ ಬಾಯಲ್ಲೂ ಇರುವ ಮಾತು. ಹಾಗಾಗಿ ನನ್ನ ತಲೆಯಲ್ಲಿ 2025ರ ಆಗಸ್ಟ್ ಅಂತ ಕೂತುಬಿಟ್ಟಿತ್ತು. ಆದರೆ ಪಾಸ್‌ಪೋರ್ಟ್ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಮಾತ್ರ ಪರ್ಮಿಟ್ ಕೊಡುತ್ತಾರೆ, ಅದನ್ನು ದಾಟಿ ಒಂದು ದಿನವೂ ಕೊಡೋದಿಲ್ಲ. ನನ್ನ ಪಾಸ್‌ಪೋರ್ಟ್ ಆಗಿದ್ದು 2015ರ ಫೆಬ್ರವರಿ 16ಕ್ಕೆ. ಅಪ್ಪಾಜಿ ದಾವಣಗೆರೆಯಿಂದ ಟ್ರೇನಿನಲ್ಲಿ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದರು. ನಾನು ಒಳಗಿದ್ದಷ್ಟು ಹೊತ್ತೂ ಅವರು ಹೊರಗೆ ಬಿಸಿಲಲ್ಲಿ ನಿಂತೇ ಇದ್ದರು. ಪೊಲೀಸ್ ವೆರಿಫಿಕೇಶನ್ ಮುಗಿದು ಪೋಸ್ಟ್‌ನಲ್ಲಿ ಪುಸ್ತಕ ಬಂದ ದಿನ, "ಇನ್ನು ಹತ್ತು ವರ್ಷ ಯೋಚನೆ ಇಲ್ಲ ಬಿಡು" ಅಂದಿದ್ದರು.

ಆ ಹತ್ತು ವರ್ಷ ಮುಗಿದಿದ್ದು 2025ರ ಫೆಬ್ರವರಿ 15ಕ್ಕೆ. ನನ್ನ ಪರ್ಮಿಟ್ ಮುಗಿದಿದ್ದೂ ಅವತ್ತೇ.

ಹೊಸ ಪಾಸ್‌ಪೋರ್ಟ್ ಕಳೆದ ವರ್ಷ ಜೂನ್‌ನಲ್ಲೇ ಮಾಡಿಸಿಕೊಂಡಿದ್ದೆ. ಆ ಕೆಲಸ ಮುಗೀತು ಅಂತ ನೆಮ್ಮದಿಯಾಗಿದ್ದೆ. ಪಾಸ್‌ಪೋರ್ಟ್ ಹೊಸದಾದರೆ ಪರ್ಮಿಟ್‌ನ ತಾರೀಖು ತಾನಾಗಿ ಮುಂದೆ ಹೋಗೋದಿಲ್ಲ. ಉಳಿದ ಅವಧಿಗೆ ಬೇರೆ ಅರ್ಜಿ ಹಾಕಬೇಕು, ಅದೂ ಹಳೆಯ ತಾರೀಖು ದಾಟುವ ಮುಂಚೆ. ಇದು ನನಗೆ ಗೊತ್ತಿರಲಿಲ್ಲ. ಮೇಲಾಗಿ ಡಿಸೆಂಬರ್‌ನಲ್ಲಿ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ, ಅಂದರೆ ಕಾಯಂ ವಾಸಕ್ಕೆ ಜನರನ್ನು ಆರಿಸುವ ಸರ್ಕಾರಿ ವ್ಯವಸ್ಥೆಯಲ್ಲಿ, ಅರ್ಜಿ ಹಾಕು ಅಂತ ಇನ್ವಿಟೇಶನ್ ಬಂತು. ಜನವರಿಯಲ್ಲಿ ಪಿಆರ್‌ಗೆ, ಅಂದರೆ ಆ ಕಾಯಂ ವಾಸಕ್ಕೆ, ಅರ್ಜಿ ಹಾಕಿದೆ. ಅರ್ಜಿ ತಲುಪಿದ ಪತ್ರವೂ ಬಂತು, ಇಲ್ಲಿ ಎಲ್ಲರೂ ಎಒಆರ್ ಅನ್ನುತ್ತಾರಲ್ಲ, ಅದು. ಇನ್ನೇನು, ಪಿಆರ್ ಬಂದೇಬಿಡುತ್ತೆ, ಅಲ್ಲಿಯವರೆಗೆ ಈ ಪತ್ರವೇ ಕಾಪಾಡುತ್ತೆ ಅಂದುಕೊಂಡೆ.

ಕಾಪಾಡೋದಿಲ್ಲ. ಪಿಆರ್ ಅರ್ಜಿ ಒಂದು ಸಾಲಿನಲ್ಲಿ ನಿಂತಿರುತ್ತದೆ. ಇಲ್ಲಿ ಇರೋದಕ್ಕೆ, ಕೆಲಸ ಮಾಡೋದಕ್ಕೆ ಬೇಕಾದ ಅನುಮತಿಯೇ ಬೇರೆ. ಮೊದಲನೆಯದು ಸಾಲಿನಲ್ಲಿದೆ ಅಂತ ಎರಡನೆಯದು ಉಳಿಯೋದಿಲ್ಲ. ನನಗೆ ಪರಿಚಯ ಇರುವವರಲ್ಲಿ ಎಷ್ಟೋ ಜನ ಇದನ್ನು ಒಂದೇ ಅಂದುಕೊಂಡಿದ್ದಾರೆ. ಬಿ.ಕಾಂ. ಓದಿ ಅಕೌಂಟ್ಸ್ ಕೆಲಸ ಮಾಡುವ ನಾನೇ ಅಂದುಕೊಂಡಿದ್ದೆ.

ಫೆಬ್ರವರಿ 14, ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿದೆ. ಶನಿವಾರ, ಭಾನುವಾರ ಹಿಮ ಸುರಿದಿದ್ದೇ ಸುರಿದಿದ್ದು. ಬಾಗಿಲು ತೆರೆದರೆ ಮೊಣಕಾಲುದ್ದ ಹಿಮ. ಸೋಮವಾರ ಫ್ಯಾಮಿಲಿ ಡೇ, ರಜೆ. ಮಂಗಳವಾರ ಬೆಳಿಗ್ಗೆ ಎಂಟೂಕಾಲಿಗೆ, ಇನ್ನೂ ಕಾಫಿಗೆ ಹಾಲು ಕಾಯಿಸುತ್ತಿದ್ದೆ, ಆಫೀಸಿನ ಎಚ್‌ಆರ್ ಫೋನ್ ಮಾಡಿದರು. "ಕೆಲಸ ಶುರು ಮಾಡಿದ್ದೀಯಾ?" ಅಂತ ಕೇಳಿದರು. ಇಲ್ಲ ಅಂದೆ. "ಮಾಡಬೇಡ. ಲ್ಯಾಪ್‌ಟಾಪ್ ತೆರೆಯಲೇಬೇಡ" ಅಂದರು. ಇಲ್ಲಿ ಕೆಲಸ ಮಾಡೋದಕ್ಕೆ ಬೇಕಾಗುವ ಸಿನ್ ನಂಬರ್ ನಮ್ಮಂಥ ತಾತ್ಕಾಲಿಕ ವಾಸಿಗಳಿಗೆ 9ರಿಂದ ಶುರುವಾಗುತ್ತದೆ, ಅದಕ್ಕೂ ಪರ್ಮಿಟ್‌ನ ತಾರೀಖೇ ಕೊನೆ. ಅವರ ಕಂಪ್ಯೂಟರ್ ಅದನ್ನು ತೋರಿಸಿತ್ತು. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ನಾನು ಸುಮ್ನೆ ನಿಂತು ನೋಡುತ್ತಿದ್ದೆ.

ಆ ಮೂರು ದಿನದ ಹಿಮ ಮತ್ತು ರಜೆ ನನ್ನನ್ನು ಉಳಿಸಿತು. ಒಂದು ವೇಳೆ ಪರ್ಮಿಟ್ ಬುಧವಾರ ಮುಗಿದಿದ್ದರೆ ಗುರುವಾರ ಏನೂ ಗೊತ್ತಿಲ್ಲದೆ ಕೆಲಸ ಮಾಡಿರುತ್ತಿದ್ದೆ. ಅನುಮತಿ ಇಲ್ಲದೆ ಮಾಡಿದ ಕೆಲಸ ಹೊಸ ಪರ್ಮಿಟ್‌ಗೂ ಅಡ್ಡ ಬರುತ್ತದೆ, ಪಿಆರ್‌ಗೂ ಅಡ್ಡ ಬರುತ್ತದೆ. ಆ ಎಚ್‌ಆರ್ ಹೆಂಗಸಿನ ಋಣ ನನ್ನ ಮೇಲೆ ದೊಡ್ಡದಿದೆ.

ಅವತ್ತೇ ಮಧ್ಯಾಹ್ನ ಒಬ್ಬ ವಲಸೆ ಕನ್ಸಲ್ಟೆಂಟ್ ಹತ್ತಿರ ಮಾತಾಡಿದೆ. ಲೈಸೆನ್ಸ್ ಇದೆಯಾ ಅಂತ ಅವರ ಕಾಲೇಜಿನ ಪಟ್ಟಿಯಲ್ಲಿ ಹೆಸರು ಹುಡುಕಿ ನೋಡಿಯೇ ದುಡ್ಡು ಕಟ್ಟಿದ್ದು. ಇಲ್ಲಿ ವಲಸೆ ಕನ್ಸಲ್ಟೆಂಟ್‌ಗಳಿಗೆ ಲೈಸೆನ್ಸ್ ಕೊಡುವ ಸಂಸ್ಥೆಗೆ ಕಾಲೇಜ್ ಅಂತಲೇ ಹೆಸರು. ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು, ದಯವಿಟ್ಟು ನೋಡಿ.

ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಪರ್ಮಿಟ್ ಮುಗಿಯುವ ಮುಂಚೆ, ಒಂದೇ ಒಂದು ದಿನ ಮುಂಚೆ ಅರ್ಜಿ ಹಾಕಿದ್ದರೂ ತೀರ್ಮಾನ ಬರುವ ತನಕ ಹಳೆಯ ಷರತ್ತಿನ ಮೇಲೆ ಕೆಲಸ ಮಾಡಿಕೊಂಡಿರಬಹುದಿತ್ತು. ಅದಕ್ಕೆ ಮೇಂಟೇನ್ಡ್ ಸ್ಟೇಟಸ್ ಅನ್ನುತ್ತಾರೆ, ಮೊದಲು ಇಂಪ್ಲೈಡ್ ಸ್ಟೇಟಸ್ ಅನ್ನುತ್ತಿದ್ದರು. ಆ ದಿನ ದಾಟಿದ ಮೇಲೆ ಉಳಿದಿರೋದು ರೆಸ್ಟೊರೇಶನ್, ಅಂದರೆ ಹೋದ ಸ್ಟೇಟಸ್ ವಾಪಸ್ ಕೇಳೋದು. ಸ್ಟೇಟಸ್ ಹೋದ ದಿನದಿಂದ 90 ದಿನದ ಒಳಗೆ ಕೇಳಿಕೊಳ್ಳಬೇಕು. ನನ್ನ ಲೆಕ್ಕದಲ್ಲಿ ಮೇ 16 ಕೊನೆ. ಅರ್ಜಿ ಹಾಕಿದ ಮೇಲೆ ಇಲ್ಲಿ ಇದ್ದು ಕಾಯಬಹುದು, ಆದರೆ ಕೆಲಸ ಮಾಡುವ ಹಾಗಿಲ್ಲ. ಕೊಟ್ಟೇ ಕೊಡುತ್ತಾರೆ ಅನ್ನೋ ಖಾತ್ರಿ ಇಲ್ಲ. ಕೊಡದಿದ್ದರೆ ಹೊರಡಬೇಕು.

ಪಿಆರ್ ಅರ್ಜಿ ಆಗಲೇ ಹೋಗಿದ್ದರಿಂದ ಬ್ರಿಡ್ಜಿಂಗ್ ಓಪನ್ ವರ್ಕ್ ಪರ್ಮಿಟ್, ಅಂದರೆ ಪಿಆರ್ ತೀರ್ಮಾನ ಬರುವ ತನಕ ಕೆಲಸ ಮಾಡೋದಕ್ಕೆ ಕೊಡುವ ಪರ್ಮಿಟ್, ಕೇಳೋಣ, ಅದರ ಜೊತೆಗೇ ರೆಸ್ಟೊರೇಶನ್ ಕೇಳೋಣ ಅಂದರು. ಸ್ಟೇಟಸ್ ಹೋಗಿದ್ದರೂ ರೆಸ್ಟೊರೇಶನ್‌ಗೆ ಅರ್ಹರಾಗಿದ್ದರೆ ಆ ಪರ್ಮಿಟ್ ಕೇಳಬಹುದಂತೆ. ಆ ಮಾತು ಕೇಳಿದ ಮೇಲೆ ಬೆಳಿಗ್ಗೆಯಿಂದ ಮೊದಲ ಸಲ ನೀರು ಕುಡಿದೆ. ಶುಲ್ಕ ಮೂರು ಸೇರಿತ್ತು. ರೆಸ್ಟೊರೇಶನ್‌ಗೆ 239.75 ಡಾಲರ್, ಪರ್ಮಿಟ್‌ಗೆ 155, ಓಪನ್ ಪರ್ಮಿಟ್ ಅಂತ ಇನ್ನೂ 100. ಒಟ್ಟು 494.75. ಫಾರಂ ಐಎಂಎಂ 5710. ಅದರಲ್ಲಿ ಸ್ಟೇಟಸ್ ವಾಪಸ್ ಕೊಡಿ ಅಂತ ಕೇಳುವ ಜಾಗ ಬೇರೆಯೇ ಇದೆ, ಅದನ್ನು ಗುರುತು ಹಾಕದಿದ್ದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಕಷ್ಟ ಆಗಿದ್ದು ಪತ್ರ ಬರೆಯೋದು. ಯಾಕೆ ತಪ್ಪಿತು ಅಂತ ವಿವರಿಸಿ ಒಂದು ಪತ್ರ ಲಗತ್ತಿಸಬೇಕು. ಮೊದಲ ಸಲ ಬರೆದಾಗ ಎರಡು ಪುಟ ಆಯಿತು, ತುಂಬಾ ಅತ್ತುಕೊಂಡ ಹಾಗೆ. ಹರಿದು ಹಾಕಿದೆ. ನಾಲ್ಕನೇ ಸಲ ಅರ್ಧ ಪುಟಕ್ಕೆ ಬಂತು. ತಾರೀಖನ್ನು ನಾನು ತಪ್ಪು ತಿಳಿದಿದ್ದೆ. ಫೆಬ್ರವರಿ 14ರ ಸಂಜೆಯಿಂದ ಕೆಲಸ ಮಾಡಿಲ್ಲ. ಗೊತ್ತಾದ ದಿನವೇ ಸಲಹೆ ಕೇಳಿದೆ. ಇಷ್ಟೇ. ಅದರ ಜೊತೆ ನಾನು ಯಾವ ದಿನದವರೆಗೆ ಕೆಲಸ ಮಾಡಿದೆ ಅಂತ ಆಫೀಸಿನವರು ಕೊಟ್ಟ ಪತ್ರ, ಎರಡೂ ಪಾಸ್‌ಪೋರ್ಟ್, ಎಒಆರ್. ಫೆಬ್ರವರಿ 21ಕ್ಕೆ ಕಳಿಸಿದೆ.

ಆಮೇಲಿಂದ ಕಾಯೋದೇ ಕೆಲಸ. ಆಫೀಸಿನವರು ಸಂಬಳವಿಲ್ಲದ ರಜೆ ಅಂತ ಇಟ್ಟಿದ್ದಾರೆ, ಕುರ್ಚಿ ಇನ್ನೂ ನನ್ನದೇ. ಚಿಕಿತ್ಸೆಯ ಖರ್ಚನ್ನು ಸರ್ಕಾರ ನೋಡಿಕೊಳ್ಳುವ ಹೆಲ್ತ್ ಕಾರ್ಡ್‌ನ ತಾರೀಖೂ ಪರ್ಮಿಟ್ ಜೊತೆಗೇ ಮುಗಿದಿದೆ. ಹಾಗಾಗಿ ಹಿಮದ ಮೇಲೆ ಕಾಲಿಡುವಾಗ ತುಂಬಾ ಹುಷಾರು. ಬಾಡಿಗೆ 750 ಡಾಲರ್, ಅದರ ಮೇಲೆ ಊರಿನ ಎಜುಕೇಶನ್ ಲೋನ್ ಕಂತು. ಉಳಿಸಿದ್ದ ದುಡ್ಡು ಕರಗುತ್ತಾ ಇದೆ. ಮಾರ್ಚ್‌ನಲ್ಲಿ ಪರಿಚಯದವರೊಬ್ಬರು ಅಡುಗೆ ಮನೆಗೆ ಸಹಾಯಕ್ಕೆ ಬಾ, ಕೈಯಲ್ಲೇ ಕ್ಯಾಶ್ ಕೊಡ್ತೀನಿ, ಯಾರಿಗೂ ಗೊತ್ತಾಗಲ್ಲ ಅಂದರು. ಅವರ ಮನಸ್ಸು ಒಳ್ಳೆಯದೇ. ಬೇಡ ಅಂದೆ. ಆ ರಾತ್ರಿ ನಿದ್ದೆ ಬರಲಿಲ್ಲ, ಆದರೂ ಬೇಡ ಅಂದಿದ್ದು ಸರಿ. ಅರ್ಜಿಯಲ್ಲಿ ಕೆಲಸ ಮಾಡಿಲ್ಲ ಅಂತ ಬರೆದು ಸಹಿ ಹಾಕಿದ್ದೇನೆ. ಆ ಸಾಲು ನಿಜವಾಗಿಯೇ ಉಳಿಯಬೇಕು.

ಇನ್ನೊಂದು ಮಾತು ಬರೆಯೋದಕ್ಕೆ ಕೈ ಬರುತ್ತಿಲ್ಲ.

ಮಾರ್ಚ್ 11ಕ್ಕೆ ಅಜ್ಜಿ ಹೋದರು. ನನ್ನನ್ನು ಎತ್ತಿ ಆಡಿಸಿದವರು, ಚಿಕ್ಕವಳಿದ್ದಾಗ ಬೇಳೆ ಹೋಳಿಗೆಯ ಮೊದಲ ತುಣುಕು ನನ್ನ ಬಾಯಿಗೇ ಇಡುತ್ತಿದ್ದವರು. ನಾನು ಮಣ್ಣಿಗೆ ಹೋಗಲಿಲ್ಲ. ಹೋಗಬಹುದಿತ್ತು, ಯಾರೂ ಕಟ್ಟಿ ಹಾಕಿರಲಿಲ್ಲ. ದೇಶ ಬಿಟ್ಟರೆ ಇಲ್ಲಿಯ ರೆಸ್ಟೊರೇಶನ್ ಅರ್ಜಿಗೆ ಅರ್ಥ ಇರೋದಿಲ್ಲ. ಪಿಆರ್ ಬರುವ ತನಕ ಊರಲ್ಲೇ ಕೂರಬೇಕು, ಕೆಲಸ ಹೋಗುತ್ತೆ, ಲೋನ್ ಅಪ್ಪಾಜಿಯ ತಲೆ ಮೇಲೆ ಬೀಳುತ್ತೆ. ಇದನ್ನೆಲ್ಲ ಲೆಕ್ಕ ಹಾಕಿ ಇಲ್ಲೇ ಉಳಿದೆ. ಲೆಕ್ಕ ತಪ್ಪು ಅಂತ ಈಗಲೂ ಅನ್ನಿಸುತ್ತಿಲ್ಲ, ಆದರೆ ಎದೆ ಭಾರ ಇಳಿದಿಲ್ಲ. ಮನೆಯವರಿಗೆ ಮಾತ್ರ "ಆಫೀಸಿನಲ್ಲಿ ರಜೆ ಕೊಡ್ತಿಲ್ಲ" ಅಂದೆ. ಶಿವಗಣಾರಾಧನೆಯನ್ನು ಫೋನ್‌ನಲ್ಲಿ ನೋಡಿದೆ. ಚಿಕ್ಕಪ್ಪನ ಮಗ ಫೋನ್ ಹಿಡಿದುಕೊಂಡು ಸಾಲಿನುದ್ದಕ್ಕೂ ಓಡಾಡಿದ. ಊಟಕ್ಕೆ ಕೂತ ಅತ್ತೆ ತಲೆ ಎತ್ತಿ, "ಒಂದು ವಾರನೂ ರಜೆ ಕೊಡಲ್ವೇನೇ ನಿನಗೆ?" ಅಂದರು. ಕೆಲಸವಿಲ್ಲದೆ ಕೂತು ಆಗಲೇ ತಿಂಗಳು ದಾಟಿತ್ತು.

ಇವತ್ತು ಆ ಹುಡುಗನಿಗೆ ಏನು ಮಾಡಬೇಕು ಅಂತ ಒಂದು ಹಾಳೆಯ ಮೇಲೆ ಬರೆದುಕೊಟ್ಟೆ. ಮೊದಲು ಪಾಸ್‌ಪೋರ್ಟ್ ರಿನೀವಲ್, ಈ ವಾರವೇ. ಅದು ಕೈಗೆ ಬಂದ ತಕ್ಷಣ ಪರ್ಮಿಟ್‌ನ ಉಳಿದ ಅವಧಿಗೆ ಅರ್ಜಿ. ಕೊನೆಯ ದಿನ ನವೆಂಬರ್ 2 ಅಲ್ಲ, ಒಂದು ತಿಂಗಳು ಮುಂಚೆಯೇ, ಅಕ್ಟೋಬರ್ 2 ಅಂತಲೇ ತಲೆಯಲ್ಲಿಟ್ಟುಕೋ ಅಂದೆ. ನನ್ನ ಕುರ್ಚಿಯಲ್ಲೇ ಕೂತು ರಿನೀವಲ್ ಫಾರಂ ತುಂಬಿದ. ಫೋಟೊ ಅಳತೆ ಸರಿ ಇರಲಿಲ್ಲ, ಸಂಜೆ ಹೊಸದು ತೆಗೆಸಿಕೊಂಡು ಬರ್ತೀನಿ ಅಂದ. ಹೋಗುವಾಗ ಬಾಗಿಲಲ್ಲಿ ನಿಂತು, "ಅಕ್ಕಾ, ನಿಮಗೆ ಯಾರೂ ಹೇಳಲಿಲ್ಲೇನು?" ಅಂತ ಕೇಳಿದ. ಇಲ್ಲ ಅಂದೆ. "ಮನ್ಯಾಗ ಗೊತ್ತೈತೇನು?" ಅಂದ. ಅದಕ್ಕೂ ಇಲ್ಲ ಅಂದೆ. ಅವನು ಮತ್ತೆ ಏನೂ ಕೇಳಲಿಲ್ಲ.

ರಾತ್ರಿ ಒಂಬತ್ತಕ್ಕೆ ಅಪ್ಪಾಜಿಗೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ ಆರೂವರೆ. ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದರು, ಹಿಂದೆ ಹಾಲಿನವನ ಗಾಡಿಯ ಸದ್ದು ಕೇಳುತ್ತಿತ್ತು. ಎಲ್ಲಾ ಹೇಳಿದೆ, ಒಂದೂ ಬಿಡದೆ. ಅವರು ನಡುವೆ ಮಾತಾಡಲಿಲ್ಲ.

"ಹಂಗಾದ್ರೆ ಅಜ್ಜಿ ಮಣ್ಣಿಗೆ ರಜೆ ಇಲ್ಲ ಅಂದಿದ್ದು?"

"ಸುಳ್ಳು ಅಪ್ಪಾಜಿ."

ಸ್ವಲ್ಪ ಹೊತ್ತು ಹಾಲಿನವನ ಗಾಡಿಯ ಸದ್ದು ಮಾತ್ರ. ಆಮೇಲೆ, "ಹತ್ತು ವರ್ಷ ಯೋಚನೆ ಇಲ್ಲ ಅಂತ ನಾನೇ ಅಲ್ವೇನಮ್ಮ ಹೇಳಿದ್ದು" ಅಂದರು. ನನಗೆ ಮಾತು ಬರಲಿಲ್ಲ. "ಅಮ್ಮನಿಗೆ ನಾನು ಹೇಳ್ತೀನಿ, ನೀನು ಅಳಬೇಡ. ಈ ತಿಂಗಳ ಕಂತು ನಾನು ಕಟ್ತೀನಿ" ಅಂದರು. ಬೇಡ ಅಂದೆ. ಕೇಳಲಿಲ್ಲ. ಎದ್ದು ಒಳಗೆ ಹೋಗಿ ಡೈರಿ, ಪೆನ್ನು ತಂದ ಸದ್ದಾಯಿತು.

"ಈಗಿನ ಪಾಸ್‌ಪೋರ್ಟ್ ಯಾವತ್ತು ಮುಗಿಯುತ್ತೆ? ತಾರೀಖು ಹೇಳು."

"2034, ಜೂನ್ 11."

ಒಂದೊಂದೇ ಅಂಕಿ ತಿರುಗಿ ಹೇಳುತ್ತಾ ಬರೆದುಕೊಂಡರು.